ಕಾಡುಕೋಣಕ್ಕೆ ಸಾಲುವ ಕೋವಿ

ನಮ್ಮ ಮನೆಯಲ್ಲಿ ಇಡೀ ಒಂದು ಚಳಿಗಾಲ ಎರಡು ನಂಬರುಗಳ ಜಗಳದಲ್ಲಿ ಕಳೆಯಿತು. ತ್ರೀ-ಸೆವೆಂಟಿಫೈವ್ ಒಂದು, ಥರ್ಟಿ-ಆಟ್-ಸಿಕ್ಸ್ ಇನ್ನೊಂದು. ಎರಡೂ ರೈಫಲ್ಲಿನ ನಳಿಗೆಯ ಅಳತೆಗಳು. ಧಾರವಾಡದಲ್ಲಿ ಹುಟ್ಟಿ, ಜಿರಲೆ ಹೊಡೆಯುವುದಕ್ಕೂ ಹಿಂದೆಮುಂದೆ ನೋಡುವ ಮನೆಯಲ್ಲಿ ಬೆಳೆದ ನನಗೆ ಇವುಗಳ ಸಹವಾಸ ಯಾಕೆ ಬಂತೆಂದರೆ, ನನ್ನ ಗಂಡ ಆಫ್ರಿಕಕ್ಕೆ ಬೇಟೆಗೆ ಹೊರಟಿದ್ದರು.

ಅವರು ಅಮೆರಿಕದ ನ್ಯೂಜೆರ್ಸಿಯಲ್ಲಿ, ಎಡಿಸನ್ನಿನ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಸರ್ಜನ್. ಮೈಸೂರು ಕಡೆಯ ಬೇಟೆಯ ಮನೆತನ. ಗೋಡೆಯ ಮೇಲೆ ಕೊಂಬುಗಳ ನಡುವೆ ಹಿರಿಯರ ಫೋಟೋ ಹುಡುಕಬೇಕಾದಂಥ ಮನೆ ಅವರದು. ಊರಲ್ಲಿ ಶಿಕಾರಿಗೆ ಕಾನೂನು ಬೀಗ ಹಾಕಿತ್ತು. ಇಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಅಮೆರಿಕನ್ ಸರ್ಜನ್, ದೊಡ್ಡ ಮೈಯ ಸಾಧು ಮನುಷ್ಯ, ಕೀನ್ಯಾಕ್ಕೆ ಸಫಾರಿ ಹೋಗೋಣ ಬಾ ಎಂದು ಕರೆದದ್ದೇ ನೆವವಾಯಿತು. ಅಲ್ಲಿನ ಸಫಾರಿ ಕಂಪನಿಯವರು ಒಬ್ಬರಿಗೆ ಒಂದೇ ರೈಫಲ್ ಎಂದಿದ್ದರು. ಜಿಂಕೆ ಜಾತಿಯ ಪ್ರಾಣಿಗಳಿಗೆ ಥರ್ಟಿ-ಆಟ್-ಸಿಕ್ಸ್ ಧಾರಾಳ ಸಾಕು, ಆ ಗೆಳೆಯರು ತಮಗೆ ಅದೇ ಸಾಕು ಎಂದಿದ್ದರು. ಕಾಡುಕೋಣ ಹೊಡೆಯಬೇಕಾದರೆ ಮಾತ್ರ ತ್ರೀ-ಸೆವೆಂಟಿಫೈವ್‌ಗಿಂತ ಚಿಕ್ಕದು ನಡೆಯುವುದಿಲ್ಲ. ಅಂದರೆ ಚಿಕ್ಕದನ್ನು ಆರಿಸಿಕೊಂಡವರು ಕೋಣದ ಆಸೆ ಬಿಡಬೇಕು, ಅಷ್ಟೇ.

ಅಷ್ಟೇ ಆಗಿದ್ದರೆ ನಾನು ಈ ವಿಷಯಕ್ಕೆ ತಲೆ ಹಾಕುತ್ತಿರಲಿಲ್ಲ. ಹಿಂದಿನ ವರ್ಷ ಅವರ ಬಲಗಣ್ಣಿನ ಒಳಪದರ ಹರಿದಿತ್ತು. ಸೋಡಾಬುಡ್ಡಿ ಕನ್ನಡಕದವರಿಗೆ ಹೀಗಾಗುವುದುಂಟಂತೆ. ಮ್ಯಾನ್‌ಹಟನ್ನಿನ ಕಣ್ಣಿನ ಡಾಕ್ಟರು ಹರಿದ ಜಾಗವನ್ನು ವಿಪರೀತ ತಣ್ಣಗಿನ ಒಂದು ಸಲಾಕೆಯಿಂದ ಮುಟ್ಟಿ ಅಂಟಿಸಿದ್ದರು. ಪದರ ಸದ್ಯಕ್ಕೆ ನಿಂತಿದೆ, ಆದರೆ ಬಹಳ ತೆಳುವಾಗಿದೆ, ತಲೆ ಅದುರುವಂಥದ್ದೇನೂ ಮಾಡಬೇಡಿ ಎಂದರು. ರೈಫಲ್ ಮಾತನ್ನು ಅಲ್ಲಿ ಎತ್ತಿದವಳು ನಾನೇ. ಗುಂಡು ಮುಂದಕ್ಕೆ ಹೋಗುವಾಗ ಕೋವಿ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತ ಭುಜದಿಂದ ತಲೆಗೇರುತ್ತದೆ. ಚಿಕ್ಕದನ್ನೂ ಬೇಡ ಅನ್ನುತ್ತೇನೆ, ದೊಡ್ಡದನ್ನಂತೂ ಮುಟ್ಟಲೇಬೇಡಿ, ಇನ್ನೊಂದು ಸಲ ಹರಿದರೆ ಅಂಟಿಸುತ್ತೇನೆಂದು ಮಾತು ಕೊಡಲಾರೆ ಎಂದು ಡಾಕ್ಟರು ಬಿಡಿಸಿ ಹೇಳಿದರು.

ಹಿಂತಿರುಗುವ ರೈಲಿನಲ್ಲಿ ನನ್ನ ಗಂಡ ನ್ಯೂವಾರ್ಕ್ ಸ್ಟೇಷನ್ ದಾಟುವವರೆಗೂ ಕನ್ನಡಕ ಒರೆಸುತ್ತಾ ಕೂತಿದ್ದರು. ಆಮೇಲೆ, ಚಿಕ್ಕದೂ ಬೇಡ ದೊಡ್ಡದೂ ಬೇಡ ಅಂದಮೇಲೆ ಕಣ್ಣಿನ ಮಟ್ಟಿಗೆ ಎರಡೂ ಒಂದೇ ಆಯಿತಲ್ಲ ಎಂದರು. ಇಷ್ಟು ಓದಿದವರ ತರ್ಕ ಇದು. ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ.

ಕಣ್ಣಿನ ವಿಷಯ ಯಾರಿಗೂ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಕಣ್ಣು ಕೆಟ್ಟ ಸರ್ಜನ್ನಿನ ಹತ್ತಿರ ಯಾರು ಹೊಟ್ಟೆ ಕೊಯ್ಯಿಸಿಕೊಳ್ಳುತ್ತಾರೆ? ಆ ಅಮೆರಿಕನ್ ಗೆಳೆಯರಿಗೂ ಗೊತ್ತಿರಲಿಲ್ಲ, ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳು. ದಿನಾ ಬೆಳಿಗ್ಗೆ ಬಾತ್‌ರೂಮಿನ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಗೋಡೆಯ ಟೈಲ್ಸಿನ ಗೆರೆಗಳನ್ನು ಒಂದೊಂದಾಗಿ ನೋಡುತ್ತಾ ನಿಂತಿರುತ್ತಿದ್ದರು. ಗೆರೆ ಎಲ್ಲಾದರೂ ಡೊಂಕಾಗಿ ಕಂಡರೆ ಪದರ ಏಳುತ್ತಿದೆ ಎಂದು ಅರ್ಥ. ಆಮೇಲೆ ಮುಖ ತೊಳೆದು ಹೊರಗೆ ಬಂದು, ಉಪ್ಪಿಟ್ಟು ತಿನ್ನುತ್ತಾ ಮತ್ತೆ ದೊಡ್ಡ ಕೋವಿಯ ಗುಣಗಾನ.

ಅವರ ಹಟಕ್ಕೆ ಒಂದು ಕಾರಣ ಇತ್ತು, ಇಲ್ಲವೆನ್ನಲಾರೆ. ಅವರು ಸ್ಕೂಲಿನಲ್ಲಿದ್ದಾಗ ಮಾವನವರು ಹೊಲಕ್ಕೆ ಬಂದ ಕಾಟಿಯೊಂದಕ್ಕೆ, ಅಂದರೆ ನಮ್ಮ ಊರ ಕಡೆಯ ಕಾಡುಕೋಣಕ್ಕೆ, ಹಗುರದ ರೈಫಲ್ಲಿನಿಂದ ಗುಂಡು ಹೊಡೆದಿದ್ದರು. ಪ್ರಾಣಿ ಬೀಳಲಿಲ್ಲ. ಮಾರನೆಯ ದಿನ ರಕ್ತದ ಜಾಡು ಹಿಡಿದು ಮುಂದೆ ಹೋದವನು ಮನೆಯ ಬೇಟೆಗಾರ ಆಳು. ಪೊದೆಯೊಳಗಿಂದ ನುಗ್ಗಿ ಬಂದ ಕಾಟಿ ಅವನನ್ನು ಮಾವನವರ ಕಣ್ಣೆದುರೇ ತಿವಿದು ಹಾಕಿತು. ಇನ್ನೆರಡು ಗುಂಡು ಹೊಡೆದರೂ ಅದು ನಿಲ್ಲಲಿಲ್ಲವಂತೆ. ಅಂದಿನಿಂದ ಮಾವನವರು ಕೋವಿ ಮುಟ್ಟಲಿಲ್ಲ. ಆ ಆಳಿನ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರಂತೆ. ಅದನ್ನು ನೋಡುತ್ತಾ ಬೆಳೆದ ಮಗ, ಪ್ರಾಣಿಗೆ ಸಾಲದಂಥ ಕೋವಿ ಹಿಡಿದು ಕಾಡಿಗೆ ಹೋಗುವುದು ಕೊಲೆ ಎಂದೇ ನಂಬಿದ್ದರು.

"ಕೋಣದ ಗೊಡವೀನ ಬ್ಯಾಡ್ರಿ. ಜಿಂಕಿ ನೋಡಿ ಬರ್ರಿ. ಆ ಕೋಣ ಏನು ನಿಮಗ ಪತ್ರಾ ಬರದು ಕರದದೇನು?" ಎಂದು ಒಂದು ದಿನ ಕೇಳಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. "ಅಪ್ಪನ ಕೈಲಿ ಆಗದೇ ಇದ್ದದ್ದನ್ನ ಒಂದ್ಸಲ ಸರಿಯಾಗಿ ಮಾಡ್ಬೇಕು ಅಷ್ಟೇ ಕಣೆ. ಒಂದೇ ಸಲ" ಎಂದರು, ಬಹಳ ಮೆತ್ತಗೆ.

ಸಂಕ್ರಾಂತಿಗೆ ನಮ್ಮ ಬೇಸ್‌ಮೆಂಟಿನಲ್ಲಿ ಸುತ್ತಮುತ್ತಲ ಕನ್ನಡದವರೆಲ್ಲ ಸೇರಿದಾಗ ಈ ಪ್ರಶ್ನೆ ಪಂಚಾಯಿತಿಗೆ ಬಂತು. ಬಂದೂಕಿನ ಅಂಗಡಿಯಿಂದ ತಂದ ಎರಡು ತೋಟಾಗಳನ್ನು ನನ್ನ ಗಂಡ ಎಳ್ಳುಬೆಲ್ಲದ ತಟ್ಟೆಯ ಪಕ್ಕದಲ್ಲಿ ನಿಲ್ಲಿಸಿದರು. ಒಂದು ನನ್ನ ತೋರುಬೆರಳಿನಷ್ಟು, ಇನ್ನೊಂದು ಅದಕ್ಕಿಂತ ಉದ್ದ, ದಪ್ಪ, ಬುಡದಲ್ಲಿ ಹಿತ್ತಾಳೆಯ ಪಟ್ಟಿ ಬೇರೆ. ಹುಟ್ಟಿದಾರಭ್ಯ ಕೋವಿ ಹಿಡಿಯದವರೆಲ್ಲ ವರ ನೋಡಲು ಬಂದವರ ಹಾಗೆ ಅವನ್ನು ಎತ್ತಿ, ತೂಗಿ, ತಿರುಗಿಸಿ ನೋಡಿದರು. ಅಷ್ಟು ದೂರ ಹೋಗುವವರು ಚಿಕ್ಕದನ್ನು ಯಾಕೆ ಒಯ್ಯುತ್ತೀರಿ ಎಂದರು ಒಬ್ಬರು. ಕಾರು ಕೊಳ್ಳುವಾಗ ಎಂಟು ಸಿಲಿಂಡರಿಂದೇ ಕೊಂಡಿರಲ್ಲ ಎಂದರು ಇನ್ನೊಬ್ಬರು. ಪಿಸ್ಕಾಟವೇಯಿಂದ ಬಂದಿದ್ದ ಒಬ್ಬ ಇಂಜಿನಿಯರು ಜೇಬಿನಿಂದ ಸ್ಲೈಡ್ ರೂಲ್ ತೆಗೆದು ಲೆಕ್ಕ ಹಾಕಿ, ದೊಡ್ಡದರ ಒದೆತ ಚಿಕ್ಕದರ ಒದೆತದ ಹೆಚ್ಚುಕಡಿಮೆ ಎರಡರಷ್ಟು ಎಂದು ಸಾರಿದರು. ಡಾಕ್ಟರ ಭುಜ ಗಟ್ಟಿಯಾಗಿದೆ ಬಿಡಿ ಎಂದು ಎಲ್ಲರೂ ನಕ್ಕರು. ನಾನು ಪೊಂಗಲ್ ಬಡಿಸುತ್ತಿದ್ದೆ. ಸೌಟು ಅಲ್ಲೇ ಬಿಟ್ಟು ಇವರೆಲ್ಲರ ಬಾಯಿ ಮುಚ್ಚಿಸಬೇಕು ಎನ್ನಿಸಿತು. ಮಾತು ಕೊಟ್ಟಿದ್ದೆ, ಸುಮ್ಮನೆ ಬಡಿಸಿದೆ.

ಮನೆಯಲ್ಲಿ ಬಾಯಿ ಹಾಕದೆ ಇದ್ದವರು ಅತ್ತೆ ಒಬ್ಬರೇ. ಅವರ ಮನೆತನದಲ್ಲಿ ಗಂಡಸರಿಗೆ ಬೇಟೆಗೆ ಹೋಗಬೇಡಿ ಎಂದು ಹೆಂಗಸರು ಹೇಳುವ ಪದ್ಧತಿ ಇಲ್ಲ. ಹೂ ಕೇಳುವ ಪದ್ಧತಿ ಇದೆ. ದೇವಿಯ ಎರಡು ಭುಜಗಳ ಮೇಲೆ ನೀರಿನಲ್ಲಿ ಅದ್ದಿದ ಹೂವಿನ ಎಸಳು ಅಂಟಿಸಿ, ಮನಸ್ಸಿನಲ್ಲಿರುವುದನ್ನು ಕೇಳಿ, ಕಾಯುತ್ತಾ ಕೂರುವುದು. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಮಾವನವರ ಕಾಲದಲ್ಲಿ ಹೂವಿನ ಅಪ್ಪಣೆ ಇಲ್ಲದೆ ಯಾರೂ ಶಿಕಾರಿಗೆ ಹೊಸಿಲು ದಾಟುತ್ತಿರಲಿಲ್ಲವಂತೆ. ಕಾಟಿಯ ದಿನ ಮಾತ್ರ, ಹೊಲಕ್ಕೆ ತಾನೇ ಎಂದು ಕೇಳದೆ ಹೋಗಿದ್ದರಂತೆ.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಅಂಗಡಿಯ ಸೇವಂತಿಗೆ ತರಿಸಿ, ಮಗನನ್ನೂ ನನ್ನನ್ನೂ ಕರೆದು ಕೂರಿಸಿದರು. ಊಟದ ಕೋಣೆಯ ಮೂಲೆಯ ಗೂಡಿನಲ್ಲಿ ಅವರು ಊರಿಂದ ತಂದ ಕಂಚಿನ ಚಾಮುಂಡಿ. ದೊಡ್ಡ ಕೋವಿ ಆಗಬಹುದಾದರೆ ಬಲಗಡೆ ಕೊಡು ತಾಯಿ, ಚಿಕ್ಕದೇ ಸಾಕು ಅಂತಿದ್ದರೆ ಎಡಗಡೆ ಕೊಡು ಎಂದು ಕೇಳಿ ಕಣ್ಣು ಮುಚ್ಚಿದರು. ಮಗ ಕೈಮುಗಿದು ಕೂತರು. ದೇವರು ದಿಂಡರು ಎಂದರೆ ನಗುತ್ತಿದ್ದ ಮನುಷ್ಯ ಅಂದು ಉಸಿರು ಬಿಗಿಹಿಡಿದಿದ್ದರು.

ಪೆಟ್ರೋಲಿಗೆ ಕಾರುಗಳು ಕ್ಯೂ ನಿಲ್ಲುತ್ತಿದ್ದ ಚಳಿಗಾಲ ಅದು. ಮನೆಯ ಹೀಟನ್ನೂ ಕಡಿಮೆ ಮಾಡಿ ಎಂದು ಟೀವಿಯಲ್ಲಿ ಹೇಳುತ್ತಿದ್ದರು, ನಾವೂ ಕಡಿಮೆ ಇಟ್ಟಿದ್ದೆವು. ಸ್ನಾನ ಮಾಡಿ ಒದ್ದೆ ಕೂದಲಲ್ಲಿ ನಡುಗುತ್ತಾ ಬಂದ ಅತ್ತೆ ಪೂಜೆಗೆ ಕೂರುವ ಮುಂಚೆ ಥರ್ಮೋಸ್ಟಾಟನ್ನು ಮೇಲಕ್ಕೆ ತಿರುಗಿಸಿದ್ದರು. ಸ್ವಲ್ಪ ಹೊತ್ತಿಗೆ ಕೆಳಗೆ ಬೇಸ್‌ಮೆಂಟಿನಲ್ಲಿ ಮನೆ ಬಿಸಿಮಾಡುವ ಫರ್ನೇಸ್ ಗುರ್ರೆಂದು ಹೊತ್ತಿಕೊಂಡಿತು. ದೇವಿಯ ಬಲಗಡೆಯ ಗೋಡೆಯಲ್ಲಿರುವ ಜಾಲರಿಯಿಂದ ಬಿಸಿಗಾಳಿ ಬರತೊಡಗಿತು. ದೀಪ ಎಡಕ್ಕೆ ವಾಲಿತು. ಬಲಭುಜದ ಮೇಲಿನ ಎಸಳಿನ ಅಂಚು ಒಣಗಿ ಮೇಲೆದ್ದದ್ದನ್ನು ನಾನು ನೋಡುತ್ತಲೇ ಇದ್ದೆ. ಅದು ಕಳಚಿ ಪೀಠದ ಮೇಲೆ ಬಿತ್ತು.

"ಆಯ್ತು. ಅಪ್ಪಣೆ ಆಯ್ತು" ಎಂದರು ನನ್ನ ಗಂಡ. ಮುಖದಲ್ಲಿ ಹುಡುಗನ ಸಂತೋಷ.

ನನಗೆ ತಡೆಯಲಾಗಲಿಲ್ಲ. ನಾನು ಯೂನಿವರ್ಸಿಟಿಯ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು, ಬಿಸಿಗಾಳಿಗೆ ಒದ್ದೆ ಎಸಳು ಏನಾಗುತ್ತದೆ ಎನ್ನುವುದು ಅಂಥ ರಹಸ್ಯವೇನೂ ಅಲ್ಲ. ಇದು ದೇವಿ ಕೊಟ್ಟದ್ದಲ್ಲ, ಫರ್ನೇಸ್ ಕೊಟ್ಟದ್ದು ಎಂದೆ. ಜಾಲರಿಯ ಮುಂದೆ ಕೈ ಹಿಡಿದು ನೋಡಿ ಎಂದೆ. ಅತ್ತೆಯ ಮುಖ ಸಣ್ಣದಾಯಿತು. ನನ್ನ ಗಂಡ, ಅಮ್ಮನ ನಂಬಿಕೆಗೆ ಯಾಕೆ ಕೈ ಹಾಕುತ್ತೀ ಎಂದು ಗದರಿ ಎದ್ದು ಹೋದರು. ತಮಗೆ ಬೇಕಾದದ್ದು ಸಿಕ್ಕಿತೆಂದು ಆ ನಂಬಿಕೆ ಅವರಿಗೆ ಅಷ್ಟು ಪ್ರಿಯವಾಯಿತು. ಅವತ್ತು ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ.

ಆ ಸಿಟ್ಟಿನಲ್ಲೇ ಅಡುಗೆಮನೆಗೆ ಹೋಗಿ ಅತ್ತೆಗೆ ಕಣ್ಣಿನ ವಿಷಯ ಎಲ್ಲ ಹೇಳಿಬಿಟ್ಟೆ. ಕೊಟ್ಟ ಮಾತು ಮುರಿದೆ, ಈಗ ಬೇಕಾದರೂ ಮುರಿಯುತ್ತೇನೆ. ಅತ್ತೆ ತರಕಾರಿ ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟರು.

"ನಂಗೆ ಇದು ಗೊತ್ತಿದ್ದಿದ್ರೆ ಕೋವಿ ಬಗ್ಗೆ ಕೇಳ್ತಿದ್ನೇನಮ್ಮ? ಕಣ್ಣಿನ ಬಗ್ಗೆ ಕೇಳ್ತಿದ್ದೆ" ಎಂದರು.

ಅವರು ಮಗನ ಹತ್ತಿರ ಹೋಗಿ, ನಾನು ಕೇಳಿದ್ದೇ ತಪ್ಪು, ಇನ್ನೊಂದು ಸಲ ಕೇಳುತ್ತೇನೆ ಎಂದರಂತೆ. ಕೇಳಿದ್ದನ್ನೇ ಮತ್ತೆ ಕೇಳಿದರೆ ದೇವಿಗೆ ಅವಮಾನ ಎಂದು ನನಗೆ ಕಲಿಸಿದವಳು ನೀನೇ ಅಲ್ಲವೇ ಎಂದು ಮಗ ಬಾಯಿ ಮುಚ್ಚಿಸಿದರು. ಆಮೇಲೆ ಅತ್ತೆ ದಿನಾ ದೀಪ ಹಚ್ಚಿ ಗೂಡಿನ ಮುಂದೆ ಕೂರುತ್ತಿದ್ದರು, ಆದರೆ ಏನನ್ನೂ ಕೇಳುತ್ತಿದ್ದ ಹಾಗೆ ಕಾಣುತ್ತಿರಲಿಲ್ಲ. ನಾನು ಅಮೆರಿಕನ್ ಗೆಳೆಯರಿಗೆ ಫೋನ್ ಮಾಡಿಬಿಡುತ್ತೇನೆಂದು ಗಂಡನನ್ನು ಹೆದರಿಸಿದೆ. ಮಾಡಿದರೆ ಆಸ್ಪತ್ರೆಯ ಕೆಲಸ ಅವತ್ತೇ ಹೋಗುತ್ತದೆ, ಮನೆಯ ಮಾರ್ಟ್‌ಗೇಜ್ ಸಾಲದ ಕಂತು ನಿನ್ನ ಲ್ಯಾಬಿನ ಸಂಬಳದಲ್ಲಿ ಕಟ್ಟುತ್ತೀಯಾ ಎಂದರು. ರಿಸೀವರ್ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ತ್ರೀ-ಸೆವೆಂಟಿಫೈವ್ ಮನೆಗೆ ಬಂತು. ಚಳಿಗಾಲದ ಕೋಟುಗಳಿರುವ ಕ್ಲಾಸೆಟ್ಟಿನಲ್ಲಿ ಅದನ್ನು ನಿಲ್ಲಿಸಿ ಬೀಗ ಹಾಕಿದರು. ಅತ್ತೆ ಆ ಬಾಗಿಲ ಮುಂದೆ ಹಾದುಹೋಗದೆ ಅಡುಗೆಮನೆಯನ್ನು ಸುತ್ತುಹಾಕಿ ಹೋಗುತ್ತಿದ್ದರು. ನಾವು ಮೂವರೂ ಮನೆಯೊಳಗೆ ಮೆಲ್ಲಗೆ ಮಾತಾಡುವುದನ್ನು ಕಲಿತೆವು, ಒಳಗೆ ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಎನ್ನುವ ಹಾಗೆ.

ಮಾರ್ಚಿನಲ್ಲಿ, ನ್ಯೂಜೆರ್ಸಿಯ ಪಶ್ಚಿಮದ ಗುಡ್ಡಗಳ ಕಡೆ ಇದ್ದ ಒಂದು ಶೂಟಿಂಗ್ ರೇಂಜಿಗೆ ಅಭ್ಯಾಸಕ್ಕೆ ಹೊರಟರು. ನಾನೂ ಬರುತ್ತೇನೆ ಎಂದೆ. ಬೇಡ ಎನ್ನಲಿಲ್ಲ. ಆ ಅಮೆರಿಕನ್ ಗೆಳೆಯರು ಆಗಲೇ ಬಂದಿದ್ದರು. ಹಿಮ ಪೂರ್ತಿ ಕರಗಿರಲಿಲ್ಲ, ಮೋಡ ಕವಿದಿತ್ತು. ನಾನು ಕಾರಿನಲ್ಲಿ ಕಿಟಕಿ ಏರಿಸಿಕೊಂಡು ಕೂತೆ. ನನ್ನ ಗಂಡ ಬೆಂಚಿನ ಮುಂದೆ ನಿಂತು, ಕನ್ನಡಕ ಒರೆಸಿ, ಕೋವಿಯನ್ನು ಬಲಭುಜಕ್ಕೆ ಒತ್ತಿ, ಕೆನ್ನೆಯನ್ನು ಅದರ ಮರಕ್ಕೆ ಒರಗಿಸಿದರು. ಮೊದಲ ಗುಂಡಿನ ಸದ್ದು ಕಾರಿನ ಗಾಜನ್ನು ನಡುಗಿಸಿತು. ಭುಜ ಹಿಂದಕ್ಕೆ ಹೋಯಿತು, ತಲೆ ಎಗರಿತು, ಕನ್ನಡಕ ಮೂಗಿನ ಮೇಲಿಂದ ಜಾರಿತು. ಅದನ್ನು ಸರಿಮಾಡಿಕೊಂಡು ನನ್ನ ಕಡೆ ತಿರುಗಿ ಕೈಬೀಸಿದರು. ನೋಡು, ಏನೂ ಆಗಲಿಲ್ಲ ಎನ್ನುವ ಹಾಗೆ.

ಮತ್ತೆ ಹೊಡೆದರು. ಮತ್ತೆ. ಪ್ರತಿ ಸಲವೂ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ನನ್ನ ಕಣ್ಣು ಮುಚ್ಚಿದರೆ ಅವರದು ಉಳಿಯುತ್ತದೆಯೇ? ಒಂದು ಸಲ ಕಣ್ಣು ತೆರೆದಾಗ ಅವರು ಕೋವಿಯನ್ನು ಬೆಂಚಿನ ಮೇಲೆ ಇಟ್ಟು ಸುಮ್ಮನೆ ನಿಂತಿದ್ದರು. ಗೆಳೆಯರು ಏನೋ ಕೇಳಿದರು, ಇವರು ತಲೆಯಾಡಿಸಿದರು. ಆಮೇಲೆ ನಿಧಾನವಾಗಿ, ಹಿಮದ ಮೇಲೆ ಕಾಲು ಎಲ್ಲಿಡಬೇಕೆಂದು ಹುಡುಕುತ್ತಾ ಕಾರಿನ ಹತ್ತಿರ ಬಂದರು.

"ನೀನೇ ಡ್ರೈವ್ ಮಾಡು" ಎಂದು ಕೀಲಿ ಕೊಟ್ಟರು. ಅದುವರೆಗೆ ಅವರು ಪಕ್ಕದಲ್ಲಿರುವಾಗ ನನಗೆ ಒಮ್ಮೆಯೂ ಕಾರು ಬಿಟ್ಟವರಲ್ಲ.

ದಾರಿಯಲ್ಲಿ ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ರಸ್ತೆ ನೋಡುತ್ತಾ ಕೂತಿದ್ದರು. ಎಷ್ಟು ಕಾಣುತ್ತದೆ ಎಂದು ಕೇಳಿದೆ. ಕೆಳಗಿನಿಂದ ಕಪ್ಪು ನೀರು ಏರುತ್ತಿದೆ, ಮರಗಳ ತುದಿ ಮಾತ್ರ ಕಾಣುತ್ತಿದೆ ಎಂದರು. ಆಪರೇಷನ್ ವರದಿ ಓದುವ ದನಿಯಲ್ಲೇ ಹೇಳಿದರು. ನಾನು ಅತ್ತುಕೊಂಡೇ ಕಾರು ಓಡಿಸಿದೆ. ಸಿಟ್ಟಿಗೋ ದುಃಖಕ್ಕೋ ಈಗಲೂ ಹೇಳಲಾರೆ. ಎಡಿಸನ್ನಿನ ಎಕ್ಸಿಟ್ ಬರುವ ಹೊತ್ತಿಗೆ ಮರಗಳ ತುದಿಯೂ ಹೋಗಿತ್ತು. ನಾನು ಮನೆಗೆ ತಿರುಗಿಸದೆ ನೇರ ಮ್ಯಾನ್‌ಹಟನ್ನಿಗೆ ಹೋದೆ.

ಕಣ್ಣಿನ ಡಾಕ್ಟರು ಒಂದಕ್ಕೆ ಎರಡು ಸಲ ಆಪರೇಷನ್ ಮಾಡಿದರು. ಪದರ ನಿಲ್ಲಲಿಲ್ಲ. ಬೆಳಕು ಯಾವುದು ಕತ್ತಲೆ ಯಾವುದು ಎನ್ನುವುದಕ್ಕಿಂತ ಹೆಚ್ಚಿನದೇನೂ ಆ ಕಣ್ಣಿಗೆ ಮತ್ತೆ ಕಾಣಲಿಲ್ಲ. ನನ್ನ ಗಂಡ ತಾವೇ ಆಸ್ಪತ್ರೆಯಲ್ಲಿ ಎಲ್ಲ ಹೇಳಿ ಆಪರೇಷನ್ ಥಿಯೇಟರಿನಿಂದ ಹೊರಗೆ ಬಂದರು. ಅವರಿಗೆ ಅಲ್ಲೇ ಬೇರೆಯವರ ಕೇಸುಗಳ ಕಾಗದ ನೋಡುವ ಕೆಲಸ ಕೊಟ್ಟರು. ಮನೆ ಉಳಿಯಿತು. ಅತ್ತೆ ನನ್ನನ್ನಾಗಲಿ ಮಗನನ್ನಾಗಲಿ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಗೆಳೆಯರು ಸಫಾರಿಯೇ ಬೇಡ ಎಂದು ಕೂತಿದ್ದರು. ಹೋಗಲೇಬೇಕು, ನನ್ನ ಕೋವಿಯನ್ನೇ ಒಯ್ಯಬೇಕು ಎಂದು ಹಟ ಹಿಡಿದವರು ನನ್ನ ಗಂಡ. ಥರ್ಟಿ-ಆಟ್-ಸಿಕ್ಸ್ ಸಾಕು ಎಂದಿದ್ದ ಆ ಮನುಷ್ಯ, ಕಣ್ಣು ಕಳೆದುಕೊಂಡ ಸ್ನೇಹಿತನ ಮುಖ ನೋಡಿ ಇಲ್ಲವೆನ್ನಲಾಗದೆ ದೊಡ್ಡದನ್ನು ಒಯ್ದರು.

ಬೇಸಿಗೆಯ ಕೊನೆಗೆ ತಿರುಗಿ ಬಂದು, ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದರು. ಅತ್ತೆಯೂ ನಾವೂ ಊಟದ ಮೇಜಿನ ಸುತ್ತ ಕೂತಿದ್ದೆವು. ನನ್ನ ಗಂಡ ಅವರನ್ನು ಕೂರಲೂ ಬಿಡದೆ ಕೋಣದ ಕಥೆ ಕೇಳಿದರು. ಗೆಳೆಯರು ನನ್ನ ಮುಖ ನೋಡಿ ಹಿಂಜರಿಯುತ್ತಾ ಹೇಳಿದರು. ಜಿಂಕೆ ಹುಡುಕಿಕೊಂಡು ಹೋಗುತ್ತಿದ್ದಾಗ, ಹಿಂದೆ ಯಾರೋ ಗಾಯಮಾಡಿ ಬಿಟ್ಟಿದ್ದ ಕೋಣವೊಂದು ಮುಳ್ಳುಪೊದೆಯಿಂದ ಎದ್ದು ನೇರ ಅವರ ಮೇಲೆ ಬಂದಿತ್ತು. ಜೊತೆಗಿದ್ದ ಸಫಾರಿ ಕಂಪನಿಯ ಬೇಟೆಗಾರ ಕೋವಿ ಎತ್ತುವಷ್ಟರಲ್ಲಿ ಗೆಳೆಯರ ಒಂದೇ ಗುಂಡಿಗೆ ಅದು ಮೊಣಕಾಲೂರಿ ಬಿತ್ತು. ಒಂದು ಕಾರಿನಷ್ಟು ದೂರ ಇತ್ತಂತೆ. ಚಿಕ್ಕ ಕೋವಿ ಆಗಿದ್ದರೆ ನಾನಿವತ್ತು ಇಲ್ಲಿ ಕೂತಿರುತ್ತಿರಲಿಲ್ಲ, ನಿನ್ನ ಮಾತೇ ಸರಿ ಎಂದರು, ತಲೆ ತಗ್ಗಿಸಿಕೊಂಡು.

ನನ್ನ ಗಂಡನ ಮುಖ ಅಷ್ಟು ಅರಳಿದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಅತ್ತೆಯ ಕಡೆ ತಿರುಗಿ, "ಅಮ್ಮ, ದೊಡ್ಡದೇ ಸರಿ ಅಂತ ಆಯ್ತು ನೋಡು. ಇವರ ಜೀವ ಉಳೀತು" ಎಂದರು. ಅತ್ತೆ ಸೆರಗು ಹೊದ್ದುಕೊಂಡು ಎದ್ದು ತಮ್ಮ ಕೋಣೆಗೆ ಹೋದರು.

ನನ್ನ ಗಂಡ ಅದ್ಯಾವುದನ್ನೂ ಗಮನಿಸದೆ, ಮಾತಾಡುತ್ತಲೇ ಕಾಫಿಯ ಪಾತ್ರೆ ಎತ್ತಿ ಅತಿಥಿಗೆ ಸುರಿಯತೊಡಗಿದರು. ಕಾಫಿ ಕಪ್ಪಿನ ಪಕ್ಕಕ್ಕೆ, ಮೇಜಿನ ಮೇಲೆ ಬೀಳುತ್ತಿತ್ತು. ಗೆಳೆಯರು ತಮ್ಮ ಕಪ್ಪನ್ನು ಆ ಧಾರೆಯ ಕೆಳಗೆ ಸರಿಸಿ ಹಿಡಿದರು. ಗುಂಡು ಸರಿಯಾಗಿ ಎಲ್ಲಿ ತಗುಲಿತು, ಅದು ಎಷ್ಟು ಹೆಜ್ಜೆಯಲ್ಲಿ ನಿಂತಿತು ಎಂದು ನನ್ನ ಗಂಡ ಕೇಳುತ್ತಲೇ ಇದ್ದರು.